ಸ್ಪೀಕರ್ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ಹೋದ ಏಪ್ರಿಲ್‌ನಲ್ಲಿ ದಾವಣಗೆರೆ ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರು ಒಂದು ಜೊತೆ ಪವರ್ಡ್ ಸ್ಪೀಕರ್, ಅಂದರೆ ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್, ತಂದು ನನ್ನ ರಿಪೇರಿ ಮೇಜಿನ ಮೇಲಿಟ್ಟರು. "ನೋಡಮ್ಮಾ, ನಾಲ್ಕು ವರ್ಷನೂ ಆಗಿಲ್ಲ. ಲೈಟೂ ಬರ್ತಿಲ್ಲ, ಸದ್ದೂ ಬರ್ತಿಲ್ಲ" ಅಂದರು. ಕಂಪನಿಯ ಸರ್ವಿಸ್ ಸೆಂಟರ್‌ನವರು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಈ ಮಾಡೆಲ್‌ಗೆ ಬೋರ್ಡ್ ಬರೋದು ನಿಂತಿದೆ, ಹೊಸದು ತಗೊಳ್ಳಿ ಅಂದಿದ್ದರಂತೆ.

ಅದೇ ಮೇಜಿನ ಮೂಲೆಯಲ್ಲಿ ಅಪ್ಪಾಜಿ ಕಟ್ಟಿದ ಆಂಪ್ಲಿಫೈಯರ್ ಹಾಡುತ್ತಿತ್ತು. ಅಪ್ಪಾಜಿ ಹಗಲು ಕಾಟನ್ ಮಿಲ್‌ನಲ್ಲಿ ದುಡಿದು ಸಂಜೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ಇದನ್ನು ಜೋಡಿಸಿದ್ದು 1984ರಲ್ಲಿ. ಅದರಲ್ಲಿ ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ 2ಎನ್3055. ಅದು 1960ರ ದಶಕದಲ್ಲಿ ಬಂದ ಪಾರ್ಟು, ಇವತ್ತಿಗೂ ತಯಾರಾಗುತ್ತಿದೆ. ನಮ್ಮದು ಎರಡು ಸಲ ಸುಟ್ಟಿದೆ, ಎರಡು ಸಲ ಬದಲಾಯಿಸಿದ್ದೇವೆ. ಕರೆಂಟ್ ಹಿಡಿದಿಟ್ಟು ಕೊಡುವ ದೊಡ್ಡ ಕೆಪಾಸಿಟರ್ ಒಂದು ಸಲ ಹೋಗಿದೆ. ಅಷ್ಟೇ.

ಹಾಗಂತ ಪವರ್ಡ್ ಸ್ಪೀಕರ್ ಬೇಡವೇ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಂದೇ ಪ್ಲಗ್, ಎರಡು ಡಬ್ಬ, ಫೋನಿನಿಂದ ನೇರ ಹಾಡು. ಚಿಕ್ಕ ಮನೆಗೆ ಅನುಕೂಲ. ಅದೇ ಬೆಲೆಯ ಬಿಡಿ ಸೆಟ್‌ಗಿಂತ (ಆಂಪ್ಲಿ ಬೇರೆ, ಸ್ಪೀಕರ್ ಬೇರೆ ಇರುವ ಸೆಟ್) ಎಷ್ಟೋ ಸಲ ಸದ್ದೂ ಚೆನ್ನಾಗಿರುತ್ತದೆ. ಆದರೆ ಅದು ಯಾಕೆ ಕೆಡುತ್ತದೆ ಅಂತ ಗೊತ್ತಿದ್ದರೆ ಯಾವುದನ್ನು ಕೊಳ್ಳಬೇಕು ಅನ್ನೋದೂ ಗೊತ್ತಾಗುತ್ತದೆ.

ಶಾಖದ ಲೆಕ್ಕ

ಬಿಡಿ ಸೆಟ್‌ನಲ್ಲಿ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ. ಆಂಪ್ಲಿಫೈಯರ್ ಮುಚ್ಚಳದಲ್ಲಿ ಗಾಳಿ ಕಿಂಡಿ ಇರುತ್ತದೆ, ಶಾಖ ಮೇಲೆ ಹೋಗುತ್ತದೆ. ಪವರ್ಡ್ ಸ್ಪೀಕರ್‌ನಲ್ಲಿ ಆಂಪ್ಲಿ, ಪವರ್ ಸಪ್ಲೈ, ಬ್ಲೂಟೂತ್ ಎಲ್ಲವೂ ಮರದ ಪೆಟ್ಟಿಗೆಯೊಳಗೆ. ಬೇಸ್ ಬರಬೇಕಾದರೆ ಪೆಟ್ಟಿಗೆಯಿಂದ ಗಾಳಿ ಸೋರಬಾರದು. ಹಾಗಾಗಿ ಶಾಖವೂ ಒಳಗೇ ಕೂರುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲು 38 ಡಿಗ್ರಿ ಮುಟ್ಟಿದಾಗ ಆ ಪೆಟ್ಟಿಗೆಯೊಳಗೆ ಎಷ್ಟಿರಬಹುದು ಯೋಚಿಸಿ.

ಶಾಖಕ್ಕೆ ಮೊದಲು ಬಲಿಯಾಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ನಿಧಾನಕ್ಕೆ ಒಣಗುತ್ತದೆ. ಅದರ ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಅಂತ ಬರೆದಿರುತ್ತದೆ. ಸಾಧಾರಣ ಕೆಪಾಸಿಟರ್‌ಗೆ ಆ ಶಾಖದಲ್ಲಿ 2000 ಗಂಟೆ ಆಯಸ್ಸು ಅಂತಿಟ್ಟುಕೊಳ್ಳಿ. ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ. ಅಂದರೆ 105ರ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳುತ್ತದೆ. 85ರದ್ದಾದರೆ 8,000 ಗಂಟೆ ಮಾತ್ರ.

ಇಲ್ಲೇ ಸ್ಟ್ಯಾಂಡ್‌ಬೈ ಅನ್ನೋದು ತೊಂದರೆ ಕೊಡುತ್ತದೆ. ರಿಮೋಟ್‌ನಲ್ಲಿ ಆಫ್ ಮಾಡಿದರೂ ಪವರ್ ಸಪ್ಲೈನ ಒಂದು ಭಾಗ ರಾತ್ರಿ-ಹಗಲು ಓಡುತ್ತಲೇ ಇರುತ್ತದೆ. ವರ್ಷಕ್ಕೆ 8,760 ಗಂಟೆ. ಒಂದು ಪುಟ್ಟ ಕೆಪಾಸಿಟರ್ ಬಿಸಿಯಾಗುವ ಪಾರ್ಟಿಗೆ ಅಂಟಿಕೊಂಡು ಕೂತಿದ್ದರೆ ಮೂರು-ನಾಲ್ಕು ವರ್ಷಕ್ಕೆ ಅದರ ಕಥೆ ಮುಗಿಯಿತು. ಮೇಷ್ಟ್ರ ಸ್ಪೀಕರ್‌ನಲ್ಲಿ ಆಗಿದ್ದು ಅದೇ. ತಲೆ ಉಬ್ಬಿದ ಕೆಪಾಸಿಟರ್ ಒಂದು ಸಿಕ್ಕಿತು. ಹತ್ತು ರೂಪಾಯಿಯ ಪಾರ್ಟು. ಅದನ್ನು ಬದಲಾಯಿಸಿದ ಮೇಲೆ ಲೈಟ್ ಬಂತು, ಹಾಡೂ ಬಂತು.

ಎರಡನೇ ಶತ್ರು ಅದುರು. ಬೇಸ್ ಬಡಿದಾಗಲೆಲ್ಲ ಒಳಗಿನ ಬೋರ್ಡೂ ಅದುರುತ್ತದೆ. ಭಾರದ ಕಾಯಿಲ್ (ತಂತಿಯ ಸುರುಳಿ), ದೊಡ್ಡ ಕೆಪಾಸಿಟರ್‌ಗಳ ಕಾಲಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಪೆಟ್ಟಿಗೆಯನ್ನು ತಟ್ಟಿದರೆ ಸದ್ದು ಬಂದು ಹೋಗುವುದು ಇದರಿಂದಲೇ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಉಂಗುರದ ಹಾಗೆ ಕಾಣುತ್ತದೆ. ಹಳೆ ಬೆಸುಗೆ ತೆಗೆದು ಹೊಸದು ಹಾಕಿದರೆ ಸಾಕು.

ಈ ಎರಡೂ ರಿಪೇರಿ ಆಗುವಂಥವು. ಆಗದಿರುವುದು ಮೂರನೆಯದು. ಸದ್ದನ್ನು ಹದ ಮಾಡುವ ಚಿಪ್ಪಿನೊಳಗೆ ಕಂಪನಿ ತನ್ನದೇ ಪ್ರೋಗ್ರಾಂ ತುಂಬಿರುತ್ತದೆ. ಕೆಲವದರ ಮೇಲಿನ ನಂಬರನ್ನೂ ಕೆರೆದು ಅಳಿಸಿರುತ್ತಾರೆ. ಅದು ಹೋದರೆ ಪಾರ್ಟಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆ ಪೂರ್ತಿ ಸುತ್ತಿದರೂ ಪ್ರಯೋಜನವಿಲ್ಲ. ಇನ್ನೊಂದು ಅದೇ ಬೋರ್ಡೇ ಬೇಕು. ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲಿ. ಪೆಟ್ಟಿಗೆ, ಅದುರಿ ಸದ್ದು ಕೊಡುವ ಕೋನು, ಮ್ಯಾಗ್ನೆಟ್ ಎಲ್ಲ ಗಟ್ಟಿಮುಟ್ಟಾಗಿದ್ದೂ ಉಗುರಿನಷ್ಟು ಚಿಪ್ಪಿಗಾಗಿ ಇಡೀ ಜೊತೆ ಗುಜರಿಗೆ ಹೋಗುತ್ತದೆ.

ಬಿಡಿ ಸೆಟ್ಟೂ ಕೆಡುತ್ತದೆ

ಕೆಡುತ್ತದೆ, ಆದರೆ ಒಂದು ಕೆಟ್ಟರೆ ಉಳಿದವು ಉಳಿಯುತ್ತವೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಹೊಡೆದು, ಗುಂಡಿಯನ್ನು ಹತ್ತಾರು ಸಲ ಆಚೀಚೆ ತಿರುಗಿಸಿ. ಒಂದು ಕಡೆಯ ಸ್ಪೀಕರ್ ಬಂದು ಬಂದು ಹೋಗುತ್ತಿದ್ದರೆ ಆಂಪ್ಲಿಯೊಳಗೆ ಸ್ಪೀಕರನ್ನು ಜೋಡಿಸುವ ಸ್ವಿಚ್, ಅಂದರೆ ಸ್ಪೀಕರ್ ರಿಲೇ, ಕಪ್ಪಾಗಿರಬಹುದು. ಹೊಸ ರಿಲೇ ಹಾಕಿಸಿ. ಕೋನಿನ ಸುತ್ತಲಿನ ಫೋಮ್ ಹತ್ತು-ಹದಿನೈದು ವರ್ಷಕ್ಕೆ ಪುಡಿಪುಡಿ ಆಗುತ್ತದೆ, ಅದನ್ನು ಹೊಸದಾಗಿ ಅಂಟಿಸಬಹುದು. ರಬ್ಬರ್ ಅಂಚಿನದು ಇನ್ನೂ ಜಾಸ್ತಿ ಬಾಳುತ್ತದೆ. ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಸೆಟ್‌ಗಳಲ್ಲಿ ಮಸಿ ತುಂಬಿರುತ್ತದೆ. ಬ್ಲೋವರ್ ಹಿಡಿದು ಒಣ ಬ್ರಷ್ ಆಡಿಸಿದರೆ ಅರ್ಧ ಕಾಯಿಲೆ ವಾಸಿ.

ಎರಡು ಎಚ್ಚರಿಕೆ. ಎಚ್‌ಡಿಎಂಐ ಇರುವ ಹೋಂ ಥಿಯೇಟರ್ ರಿಸೀವರ್ ಕೂಡ ಬಿಡಿ ಸೆಟ್ಟೇ, ಆದರೆ ಅದರ ಡಿಜಿಟಲ್ ಬೋರ್ಡ್ ಹೋದರೆ ಪವರ್ಡ್ ಸ್ಪೀಕರ್‌ನಷ್ಟೇ ಕಷ್ಟ. ಹಾಡಿಗೆ ಮಾತ್ರ ಬೇಕಿದ್ದರೆ ಸಾದಾ ಸ್ಟೀರಿಯೋ ಆಂಪ್ಲಿ ಸಾಕು. ಇನ್ನೊಂದು, ಆಂಪ್ಲಿಯಲ್ಲಿ ಹಾಕುವ ಎಸ್‌ಟಿಕೆ ಐಸಿಗಳಲ್ಲೂ 2ಎಸ್‌ಸಿ5200 ಟ್ರಾನ್ಸಿಸ್ಟರ್‌ಗಳಲ್ಲೂ ನಕಲಿ ತುಂಬಾ. ಬೆಲೆ ತೀರಾ ಕಡಿಮೆ ಹೇಳಿದರೆ ಬಿಟ್ಟು ಬನ್ನಿ.

ಹಳೆ ಸೆಟ್ ಕೊಳ್ಳಲು ಹೋದಾಗ ಮಲ್ಟಿಮೀಟರ್ ಜೊತೆಗಿರಲಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸುತ್ತದೆ, ಅದು ಸರಿ. ಏನೂ ತೋರಿಸದಿದ್ದರೆ ಸ್ಪೀಕರ್ ಒಳಗಿನ ಕಾಯಿಲ್ ಹೋಗಿದೆ. ಕೋನನ್ನು ಎರಡೂ ಕೈಬೆರಳಲ್ಲಿ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಉಜ್ಜಿದ ಸದ್ದು ಬಂದರೆ ಬೇಡ. ಆಂಪ್ಲಿಯಾದರೆ ಸ್ಪೀಕರ್ ಹಾಕದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಪಾಸು. ವೋಲ್ಟ್ ಲೆಕ್ಕದಲ್ಲಿ ಬಂದರೆ ಅದು ನಿಮ್ಮ ಸ್ಪೀಕರನ್ನೇ ಸುಡುತ್ತದೆ.

ಪವರ್ಡ್ ಸ್ಪೀಕರೇ ಬೇಕು ಅಂದರೆ

ಅಂಗಡಿಯಲ್ಲಿ ಅದನ್ನು ಹಿಂದಕ್ಕೆ ತಿರುಗಿಸಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ನಾನು ಮೊದಲು ನೋಡುವುದು ಅಡಾಪ್ಟರ್ ಹೊರಗಿದೆಯಾ ಅಂತ. ಲ್ಯಾಪ್‌ಟಾಪ್ ಥರ 19 ಅಥವಾ 24 ವೋಲ್ಟ್‌ನ ಅಡಾಪ್ಟರ್ ಹೊರಗಿದ್ದರೆ ಶಾಖದ ಒಂದು ದೊಡ್ಡ ಪಾಲು ಪೆಟ್ಟಿಗೆಯಿಂದ ಆಚೆ ಹೋಯಿತು. ಸಿಡಿಲಿಗೋ ವೋಲ್ಟೇಜ್ ಏರಿದ್ದಕ್ಕೋ ಏನಾದರೂ ಆದರೆ ಎಷ್ಟೋ ಸಲ ಅಡಾಪ್ಟರ್ ಮಾತ್ರ ಹೋಗುತ್ತದೆ. ಅಷ್ಟೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರುವ ಇನ್ನೊಂದನ್ನು ಪಿನ್ನಿನ ಪ್ಲಸ್-ಮೈನಸ್ ನೋಡಿ ಹಾಕಿದರೆ ಆಯಿತು.

ಆಮೇಲೆ ಎರಡೂ ಡಬ್ಬಗಳ ನಡುವಿನ ವೈರ್. ಸಾಮಾನ್ಯ ಎರಡೆಳೆ ವೈರ್, ಕ್ಲಿಪ್ ಟರ್ಮಿನಲ್ ಇದ್ದರೆ ಒಳ್ಳೆಯದು. ಹಿಂದೆ ನಿಜವಾದ ಆನ್-ಆಫ್ ಸ್ವಿಚ್ ಇರಲಿ. ಬ್ಲೂಟೂತ್ ಅಲ್ಲದೆ ವೈರ್ ಚುಚ್ಚುವ ಆಕ್ಸ್ ಅಥವಾ ಆರ್‌ಸಿಎ ಇನ್‌ಪುಟ್ಟೂ ಇರಲಿ. ಹಿಂದಿನ ಪ್ಲೇಟ್ ಸ್ಕ್ರೂನಲ್ಲಿ ನಿಂತಿದೆಯೋ, ಅಂಟಿನಲ್ಲೋ ನೋಡಿ. ಅಂಟು ಹಾಕಿದ್ದನ್ನು ನಾನಂತೂ ಕೊಳ್ಳುವುದಿಲ್ಲ.

ಮನೆಗೆ ತಂದ ಮೇಲೆ ಗೋಡೆಯಿಂದ ಒಂದು ಗೇಣು ಮುಂದಿಡಿ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ. ಗುಡುಗು ಶುರುವಾದರೆ ಪ್ಲಗ್ ಕೀಳಿ, ಟಿವಿಯಿಂದ ಬಂದ ವೈರನ್ನೂ ಕೀಳಿ.

ಸತ್ತ ಪವರ್ಡ್ ಸ್ಪೀಕರನ್ನು ಬಿಡಿ ಸೆಟ್ ಮಾಡುವುದು

ಮೇಷ್ಟ್ರ ಸ್ಪೀಕರ್ ಮಳೆಗಾಲದಲ್ಲಿ ಮತ್ತೆ ಬಂತು. ಈ ಸಲ ಹೋಗಿದ್ದು ಆ ನಂಬರ್ ಇಲ್ಲದ ಚಿಪ್ಪು. "ಸಾರ್, ಇದರ ಹೊಟ್ಟೆ ತೆಗೆದು ಹೊರಗಿನ ಆಂಪ್ಲಿಗೆ ಹಾಕೋಣ" ಅಂದೆ. ಒಪ್ಪಿದರು.

ಮೊದಲ ಮಾತು ಜೀವದ್ದು. ಪವರ್ ಸಪ್ಲೈ ಒಳಗಿದ್ದರೆ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹತ್ತು ನಿಮಿಷ ಕಾಯಿರಿ, ಆಮೇಲೆ ಮೀಟರ್‌ನಲ್ಲಿ ಅಳೆಯಿರಿ. ಸೊನ್ನೆಯ ಹತ್ತಿರ ಬರದೆ ಕೈ ಹಾಕಬೇಡಿ. ಮೀಟರ್ ಹಿಡಿದು ರೂಢಿ ಇಲ್ಲದವರು ಈ ಕೆಲಸ ರಿಪೇರಿಯವರಿಗೇ ಕೊಡಿ.

ಬೋರ್ಡ್ ಹೊರಗೆ ಬಂದ ಮೇಲೆ ಅಲ್ಲಿಂದ ಸ್ಪೀಕರ್ ಕಡೆಗೆ ಎಷ್ಟು ವೈರ್ ಹೋಗಿವೆ ಎಣಿಸಿ. ಎರಡೇ ವೈರ್ ಹೋಗಿ, ನಡುವೆ ಕಾಯಿಲ್ ಮತ್ತು ಕೆಪಾಸಿಟರ್ ಇರುವ ಕ್ರಾಸ್‌ಓವರ್ (ದಪ್ಪ ಸದ್ದನ್ನು ದೊಡ್ಡ ಕೋನಿನ ವೂಫರ್‌ಗೂ ತೆಳು ಸದ್ದನ್ನು ಪುಟ್ಟ ಟ್ವೀಟರ್‌ಗೂ ಹಂಚುವ ಪಾರ್ಟು) ಇದ್ದರೆ ಕೆಲಸ ಸುಲಭ. ವೂಫರ್‌ಗೆ ಎರಡು, ಟ್ವೀಟರ್‌ಗೆ ಎರಡು ಬೇರೆ ಬೇರೆ ಹೋಗಿದ್ದರೆ ಕ್ರಾಸ್‌ಓವರ್ ಕೆಲಸ ಬೋರ್ಡಿನಲ್ಲೇ ನಡೆಯುತ್ತಿತ್ತು ಅಂತ ಅರ್ಥ. ಆಗ ನೇರ ಜೋಡಿಸಬೇಡಿ, ಟ್ವೀಟರ್ ಸುಡುತ್ತದೆ. ಸ್ಪೀಕರಿನ ಓಮ್‌ಗೆ ಹೊಂದುವ ಟೂ-ವೇ ಕ್ರಾಸ್‌ಓವರ್ ತಂದು ಹಾಕಬೇಕು. ಹಾಗೆ ಮಾಡಿದರೂ ಸದ್ದು ಮೊದಲಿನ ಹಾಗೇ ಇರುವುದಿಲ್ಲ, ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ.

ಮೇಷ್ಟ್ರದ್ದು ಎರಡು ವೈರಿನದು. ಜೊತೆಯ ಡಬ್ಬದಲ್ಲಿ ಬೋರ್ಡೇ ಇರಲಿಲ್ಲ, ಹಾಗಾಗಿ ಅದನ್ನು ಮುಟ್ಟಲೇ ಇಲ್ಲ. ಕೆಟ್ಟ ಡಬ್ಬದ ಹಿಂದಿನ ತೂತಿಗೆ 12 ಮಿ.ಮೀ. ಪ್ಲೈವುಡ್ ಕತ್ತರಿಸಿ, ಅಂಚಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಕೂರಿಸಿ, ಸ್ಕ್ರೂ ಬಿಗಿದೆ. ಗಾಳಿ ಸೋರಿದರೆ ಬೇಸ್ ಸತ್ತಂತೆಯೇ. ಅದಕ್ಕೇ ಕೋನನ್ನು ಮೆಲ್ಲಗೆ ಒತ್ತಿ ನೋಡಿದೆ. ಪ್ಲೈವುಡ್ ಅಂಚಿನಲ್ಲಿ ಎಲ್ಲೂ ಬುಸ್ ಅನ್ನಲಿಲ್ಲ. ಪ್ಲಸ್-ಮೈನಸ್ ತಿಳಿಯಲು ಒಂದೂವರೆ ವೋಲ್ಟ್ ಸೆಲ್ಲನ್ನು ವೂಫರ್ ಕಾಲುಗಳಿಗೆ ಒಂದು ಕ್ಷಣ ಮುಟ್ಟಿಸಿದೆ. ಕೋನು ಮುಂದೆ ಬಂದಾಗ ಸೆಲ್ಲಿನ ಪ್ಲಸ್ ಮುಟ್ಟಿದ ಕಾಲೇ ಪ್ಲಸ್. ಎರಡೂ ಡಬ್ಬ ಒಂದೇ ಥರ ಇರಬೇಕು, ಇಲ್ಲದಿದ್ದರೆ ಬೇಸ್ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತದೆ. ವೂಫರ್ ಮೀಟರ್‌ನಲ್ಲಿ 3.4 ತೋರಿಸಿತು, ಅಂದರೆ 4 ಓಮ್. ಅದಕ್ಕೆ ತಕ್ಕ ಒಂದು ಪುಟ್ಟ, ಕಡಿಮೆ ಬಿಸಿಯಾಗುವ ಕ್ಲಾಸ್-ಡಿ ಆಂಪ್ಲಿ, ಹೊರಗೆ 24 ವೋಲ್ಟ್ ಅಡಾಪ್ಟರ್.

ಬೋರ್ಡಿನಲ್ಲಿ ಉಳಿದ ಒಳ್ಳೆಯ ಕೆಪಾಸಿಟರ್, ಶಾಖ ಹೀರುವ ಹೀಟ್‌ಸಿಂಕ್ ಬಿಚ್ಚಿ ನನ್ನ ಡಬ್ಬಿಗೆ ಹಾಕಿಕೊಂಡೆ. ಮೇಷ್ಟ್ರು ಸ್ಪೀಕರ್ ಒಯ್ಯುವಾಗ ಹೊಸ ಪ್ಲೈವುಡ್ ಹಿಂಭಾಗದಲ್ಲಿ ಮಾರ್ಕರ್ ಪೆನ್ನಿನಿಂದ ಬರೆದು ಕೊಟ್ಟೆ: 4 ಓಮ್, ಒಳಗೆ ಕ್ರಾಸ್‌ಓವರ್ ಇದೆ, ಕೆಂಪು ವೈರ್ ಪ್ಲಸ್.