ಎಲೆಕ್ಟ್ರಿಕ್ ಕಾರಿಗೆ ಹೊರಗಿನ ಫಿಟ್ಟಿಂಗ್: ವಾರಂಟಿ ಉಳಿಸಿಕೊಳ್ಳುವುದು ಹೇಗೆ?

ಡ್ಯಾಶ್‌ಕ್ಯಾಮ್, ಫಾಗ್ ಲ್ಯಾಂಪ್, ಆಂಪ್ಲಿಫೈಯರ್‌ಗಳನ್ನು ಪೆಟ್ರೋಲ್ ಕಾರಿಗೆ ಹಾಕಿದ ಹಾಗೆಯೇ ಎಲೆಕ್ಟ್ರಿಕ್ ಕಾರಿಗೂ ಹಾಕಿಸುವುದು ಬೆಳಗಾವಿಯಿಂದ ವಿಜಯಪುರದವರೆಗೆ ರೂಢಿಯಾಗಿದೆ. ತೊಂದರೆ ಕಾಣುವುದು ಸರ್ವಿಸ್ ದಿನ. ಸ್ಕ್ಯಾನರ್ ಹಚ್ಚಿದರೆ ದೋಷದ ಕೋಡ್‌ಗಳು ಸಾಲುಗಟ್ಟುತ್ತವೆ, ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ.

1. ಮೊದಲು ವಾರಂಟಿ ಪುಸ್ತಕ ಓದಿ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಗೆ ಹಲವು ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಯಾವುದಕ್ಕೆ ವಾರಂಟಿ ಇಲ್ಲ ಎಂಬ ಪುಟವನ್ನೂ ಬಿಡಬೇಡಿ.

2. ಕಿತ್ತಳೆ ಬಣ್ಣದ ಕೇಬಲ್ ಯಾರೂ ಮುಟ್ಟಬಾರದು. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ, ಪ್ರಾಣವೇ ಹೋಗಬಹುದು. ಫ್ಲೋರಿಗೆ ಡ್ರಿಲ್ ಹಾಕುವ ಫಿಟ್ಟರ್‌ನ ಬಳಿ ಕಾರು ಬಿಡಲೇಬೇಡಿ, ಕೆಳಗಿರುವುದು ಬ್ಯಾಟರಿ.

3. ಹೆಚ್ಚು ಜನ ಎಡವುವುದು 12 ವೋಲ್ಟ್ ವೈರಿಂಗ್‌ನಲ್ಲಿ. ದೊಡ್ಡ ಬ್ಯಾಟರಿ 80% ಇದ್ದರೂ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಇಳಿದುಹೋದರೆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ (ಕಾಂಟ್ಯಾಕ್ಟರ್) ಕೂಡುವುದಿಲ್ಲ, ಕಾರು 'ರೆಡಿ' ಆಗುವುದಿಲ್ಲ. ರಾತ್ರಿಯಿಡೀ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಸ್ಕ್ಯಾನರ್ ಹಚ್ಚುವ ಓಬಿಡಿ ಪೋರ್ಟ್‌ನಲ್ಲೇ ಚುಚ್ಚಿ ಬಿಟ್ಟ ಅಗ್ಗದ ಚಿಕ್ಕ ಸಾಧನ (ಡಾಂಗಲ್) ಎರಡೂ ಅದನ್ನು ಹೀರುತ್ತವೆ.

ಹೆಡ್‌ಲೈಟ್ ವೈರ್ ಸುಲಿದು ಜಾಯಿಂಟ್ ಹೊಡೆಸಬೇಡಿ. ಎಷ್ಟೋ ಕಾರುಗಳಲ್ಲಿ ಕಂಟ್ರೋಲ್ ಮಾಡ್ಯೂಲ್ ಆ ವೈರಿನ ಕರೆಂಟನ್ನು ಅಳೆಯುತ್ತಿರುತ್ತದೆ. ಲೆಕ್ಕ ತಪ್ಪಿದರೆ ಕೋಡ್ ಬರೆದುಕೊಳ್ಳುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಇನ್ಸುಲೇಶನ್ ಟೇಪಿನ ಅಂಟು ಕರಗಿ ಜಾಯಿಂಟ್ ಬಾಯಿ ಬಿಡುತ್ತದೆ. ಬೆಳಗಾವಿಯ ಮಳೆಗೆ ಅಲ್ಲೇ ತಾಮ್ರ ಹಸಿರುಗಟ್ಟುತ್ತದೆ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳೂ ಬೇಡ, ಒಳಗಿನ ಎಳೆಗಳನ್ನು ಕತ್ತರಿಸುತ್ತವೆ. ವೈರ್ ಕತ್ತರಿಸದೆ ಕಪ್ಲರ್‌ಗೆ (ವೈರಿನ ತುದಿಯ ಪ್ಲಗ್‌ಗೆ) ಕಪ್ಲರ್ ಕೂಡುವ ಕಿಟ್ ತನ್ನಿ. ಡ್ಯಾಶ್‌ಕ್ಯಾಮ್‌ಗೆ ಫ್ಯೂಸ್ ಬಾಕ್ಸ್‌ನಲ್ಲಿ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದಲೇ ಹೊಸ ಲೈನ್ ತೆಗೆಯುವ ಅಡಾಪ್ಟರ್) ಹಾಕಿಸಿ. ಕೀ ಆಫ್ ಆದರೆ ಕರೆಂಟ್ ನಿಲ್ಲುವ ಜಾಗವನ್ನೇ ಆರಿಸಿ, 2ರಿಂದ 3 ಆಂಪ್ ಫ್ಯೂಸ್ ಸಾಕು. ಏರ್‌ಬ್ಯಾಗ್, ಬ್ರೇಕ್ ಫ್ಯೂಸ್‌ಗಳ ಹತ್ತಿರವೂ ಹೋಗಬೇಡಿ. 12 ವೋಲ್ಟ್ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಚಿಕ್ಕ ಸೆನ್ಸರ್ ಕೂತಿದ್ದರೆ, ಅರ್ಥ್ ವೈರನ್ನು ಬಾಡಿಯ ಬೋಲ್ಟಿಗೇ ಕಟ್ಟಿಸಿ. ಟರ್ಮಿನಲ್‌ಗೆ ಕಟ್ಟಿದರೆ ಆ ಕರೆಂಟ್ ಸೆನ್ಸರ್ ಲೆಕ್ಕಕ್ಕೆ ಸಿಗುವುದಿಲ್ಲ.

4. ಕಾರಿನ ಅಡಿಗೆ ಕಪ್ಪು ಕೋಟಿಂಗ್ ಹೊಡೆಯುವವರಿಗೆ ಬ್ಯಾಟರಿ ಪೆಟ್ಟಿಗೆ ಬಿಟ್ಟು ಹೊಡೆಯಲು ಹೇಳಿ. ಪೆಟ್ಟಿಗೆಯ ಗಾಳಿ ವಾಲ್ವ್ ಮುಚ್ಚಿಹೋದರೆ ಒಳಗಿನ ಒತ್ತಡ ಹೊರಬರಲು ದಾರಿಯಿರುವುದಿಲ್ಲ.

5. ಟೈರ್ ಸೈಜ್ ಬದಲಿಸಬೇಡಿ. ಸೀಟಿನ ಪಕ್ಕಕ್ಕೆ ಏರ್‌ಬ್ಯಾಗ್ ಇದ್ದರೆ ಆ ಪಕ್ಕವನ್ನು ಮುಚ್ಚುವ ಸೀಟ್ ಕವರ್ ಬೇಡ.

6. ಸರ್ವಿಸ್‌ಗೆ ಒಯ್ಯುವ ಮುಂಚೆ ಡಾಂಗಲ್ ಕಿತ್ತಿಡಿ. ಉಳಿದದ್ದನ್ನು ಮರೆಮಾಚದೆ ಅಡ್ವೈಸರ್‌ಗೆ ತಿಳಿಸಿ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಫಿಟ್ಟಿಂಗ್‌ನ ಬಿಲ್, ಫೋಟೊ ಜೊತೆಗಿರಲಿ. 'ಹೊರಗಿನ ಫಿಟ್ಟಿಂಗ್ ಇದೆ, ವಾರಂಟಿ ಇಲ್ಲ' ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ. ಯಾವ ಫಿಟ್ಟಿಂಗ್‌ನಿಂದ ಯಾವ ಭಾಗ ಹೇಗೆ ಕೆಟ್ಟಿತು ಎಂದು ಕೋಡ್ ಸಮೇತ ಬರಹದಲ್ಲಿ ಕೇಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ; ಅಲ್ಲೂ ಬಗೆಹರಿಯದಿದ್ದರೆ ಆ ಜಾಬ್ ಕಾರ್ಡ್ ಹಿಡಿದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.