ಕಣ್ಣಿನ ಶಿಬಿರಕ್ಕೆ ವಿದೇಶಿ ತಂಡ ಬಂದಾಗ

ಮಿಷನ್ ಟ್ರಿಪ್ ಅಂತ, ಅಂದರೆ ಸೇವೆಯ ಪ್ರವಾಸಕ್ಕೆ, ವಿದೇಶದ ಕ್ರೈಸ್ತ ಸಭೆಗಳಿಂದ ಬೆಂಗಳೂರಿಗೆ ತಂಡಗಳು ಬರುತ್ತವೆ. ಅವರ ಸೇವೆಯ ದಿನಕ್ಕೆ ಏರ್ಪಾಡು ಮಾಡುವುದು ನಮ್ಮ ಸಭೆಯಲ್ಲಿ ನನ್ನ ಪಾಲಿನ ಕೆಲಸ. ವಿಮಾನ ಹತ್ತುವ ಮೊದಲೇ ಕೇಳುತ್ತಾರೆ, ಗೋಡೆಗೆ ಬಣ್ಣ ಹೊಡೆಯಬಹುದಾ ಅಂತ. ಬೇಡ ಅನ್ನುತ್ತೇನೆ. ಲಿಂಗರಾಜಪುರದಲ್ಲಿ ಪೇಂಟರ್‌ಗಳಿಗೆ ಬರವೇ? ಅವರ ಕೂಲಿ ತಪ್ಪಿಸಿ ಇವರ ಕೈಗೆ ಬ್ರಷ್ ಕೊಡುವುದು ಎಂಥ ಸೇವೆ?

ಅದಕ್ಕೇ ಕಣ್ಣಿನ ಶಿಬಿರ ಇಟ್ಟುಕೊಳ್ಳುತ್ತೇನೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತದೆ, ಹತ್ತಿರದ್ದು ಮಂಜಾಗುತ್ತದೆ. ಓದು ಬರಹದವರು ಅಂಗಡಿಗೆ ಹೋಗಿ ಕನ್ನಡಕ ತಗೊಳ್ಳುತ್ತಾರೆ. ಟೈಲರ್‌ಗಳು, ಹೂ ಕಟ್ಟುವವರು ಮಾತ್ರ ವಯಸ್ಸಾಯ್ತು ಅಂತ ಸುಮ್ನಿದ್ದುಬಿಡುತ್ತಾರೆ. ಅವರಲ್ಲಿ ಬಹಳ ಜನಕ್ಕೆ +1ರಿಂದ +3 ಪವರ್‌ವರೆಗಿನ ರೆಡಿಮೇಡ್ ಕನ್ನಡಕವೇ ಸಾಕು.

ಮೊದಲು ಕಾಗದಪತ್ರ. ವಿದೇಶಿಯರು ಉಳಿದುಕೊಂಡ ಜಾಗದವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಬೇಕು. ಇ-ಟೂರಿಸ್ಟ್ ವೀಸಾದಲ್ಲಿ ಒಂದು ತಿಂಗಳವರೆಗೆ ಸಂಬಳವಿಲ್ಲದ ಸೇವೆ ಮಾಡಬಹುದು, ಧರ್ಮಪ್ರಚಾರ ಮಾಡುವಂತಿಲ್ಲ. ಮಿಷನರಿ ಕೆಲಸಕ್ಕೆ ವೀಸಾ ಬೇರೆ ಇದೆ. ಹಾಗಾಗಿ ಪ್ರಾರ್ಥನೆ ಏನಿದ್ದರೂ ಬೆಳಿಗ್ಗೆ ಉಪ್ಪಿಟ್ಟಿಗೆ ಮುಂಚೆ, ನಮ್ಮ ನಮ್ಮಲ್ಲೇ. ಶಿಬಿರದಲ್ಲಿ ಕರಪತ್ರ ಹಂಚುವುದಿಲ್ಲ. ವೀಸಾ ನಿಯಮ ಇಲ್ಲದಿದ್ದರೂ ನಾನು ಹೀಗೇ ಮಾಡುತ್ತಿದ್ದೆ. ಕನ್ನಡಕಕ್ಕೆ ಬಂದವರು ಕನ್ನಡಕ ತಗೊಂಡು ಹೋಗಲಿ, ಅಷ್ಟೇ.

ತಂಡದಲ್ಲಿ ಡಾಕ್ಟರ್ ಇದ್ದರೆ ಇನ್ನೊಂದು ಪೇಚು. ಇಲ್ಲಿನ ವೈದ್ಯಕೀಯ ಆಯೋಗದ ಅನುಮತಿ ಇಲ್ಲದೆ ಅವರು ರೋಗಿಗಳನ್ನು ನೋಡುವಂತಿಲ್ಲ. ಒಬ್ಬ ದೊಡ್ಡ ಸರ್ಜನ್ ನಮ್ಮಲ್ಲಿ ದಿನವಿಡೀ ಟೋಕನ್ ಹಂಚಿದರು. ಮೊದಲು ಮುಖ ಸಣ್ಣಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕ್ಯೂನಲ್ಲಿ ನುಗ್ಗುವವರನ್ನು ಕೈಸನ್ನೆಯಲ್ಲೇ ಗದರುತ್ತಿದ್ದರು!

ಕಣ್ಣು ನೋಡುವವರು, ನಂಬರ್ ಬರೆಯುವವರು ಇಲ್ಲಿನವರೇ. ಹೆಸರು ಬರೆಯುವ ಮೇಜಿಗೆ ನಮ್ಮ ಸಭೆಯ ಹೆಂಗಸರು ಕೂರುತ್ತಾರೆ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಬರುವವರು ಅವರೇ ಅಲ್ವಾ. ಅತಿಥಿಗಳಿಗೆ ಉಳಿಯುವುದು ಫ್ರೇಮ್ ಜೋಡಿಸುವುದು, ಗಾಜು ಒರೆಸುವುದು, ವಯಸ್ಸಾದವರ ಕೈಹಿಡಿದು ಮೆಟ್ಟಿಲು ಇಳಿಸುವುದು. ಕೊನೆಯ ಮೇಜೂ ಅವರದೇ. ಅಲ್ಲಿ ಅಕ್ಷರದ ಚಾರ್ಟ್ ಬದಲು ಸೂಜಿ ದಾರ ಇಡುತ್ತೇನೆ. ಕನ್ನಡಕ ಹಾಕಿಕೊಂಡು ದಾರ ಪೋಣಿಸಬೇಕು. ಇದಕ್ಕೆ ಭಾಷೆಯೇ ಬೇಡ. ಪೋಣಿಸಲು ಆಗದಿದ್ದರೆ ಮತ್ತೆ ಒಳಗೆ ಕಳಿಸಬೇಕು, ಅಷ್ಟು ಗೊತ್ತಿದ್ದರೆ ಸಾಕು.

'ಕಾಣ್ತದಾ ಅಜ್ಜಿ?' ಅಂತ ಹೂ ಕಟ್ಟುವ ಒಬ್ಬರನ್ನು ಕೇಳಿದೆ. 'ಒಂದೇ ಸಲಕ್ಕೆ ದಾರ ಹೋಯ್ತು ಕಣಪ್ಪಾ. ಇಷ್ಟು ದಿನ ಮೊಮ್ಮಗಳನ್ನ ಕೂಗ್ತಿದ್ದೆ' ಅಂದರು. ಅಲ್ಲಿದ್ದ ತಂಡದ ಹುಡುಗಿ ಫೋನ್ ತೆಗೆದಳು. ಬೇಡ ಅಂದೆ. ಕೇಳದೆ ಯಾರ ಮುಖವನ್ನೂ ಫೋಟೋ ತೆಗೆಯಬಾರದು ಅನ್ನುವುದನ್ನು ಹಿಂದಿನ ದಿನವೇ ಹೇಳಿರುತ್ತೇನೆ. ಆದರೂ ಕೈ ತಡೆಯುವುದಿಲ್ಲ, ಪಾಪ.

ಶಿಬಿರವನ್ನು ಸಂಜೆಯವರೆಗೂ ಎಳೆಯಲೇಬೇಕು. ಪೌರಕಾರ್ಮಿಕರು ನಸುಕಿಗೇ ಕೆಲಸಕ್ಕೆ ಹೋದವರು, ಬರುವುದೇ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಮಾತ್ರ ಇಟ್ಟರೆ ನಮ್ಮ ಅನುಕೂಲ, ಅವರದಲ್ಲ.

ಕಣ್ಣಲ್ಲಿ ಪೊರೆ ಬಂದವರಿಗೆ ಈ ಕನ್ನಡಕದಿಂದ ಏನೂ ಆಗುವುದಿಲ್ಲ. ಅವರ ಹೆಸರು, ಫೋನ್ ನಂಬರ್ ಬೇರೆ ಪುಸ್ತಕಕ್ಕೆ ಹೋಗುತ್ತದೆ. ತಂಡ ಊರಿಗೆ ಹೊರಟ ಮೇಲೆ ನಮ್ಮ ಯೌವನಸ್ಥರು ಅವರನ್ನು ಚಾಮರಾಜಪೇಟೆಯ ಮಿಂಟೋ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಒಬ್ಬರೇ ಹೋಗುವವರು ಕಡಿಮೆ. ಜೊತೆಗೆ ಯಾರಾದರೂ ಇದ್ದರೆ ಹೊರಡುತ್ತಾರೆ. ನನ್ನನ್ನು ಕೇಳಿದರೆ ಶಿಬಿರಕ್ಕೆ ದಿನ ಗೊತ್ತು ಮಾಡುವ ಮೊದಲು ಈ ಜೊತೆ ಹೋಗುವವರನ್ನು ಗೊತ್ತು ಮಾಡಿಕೊಳ್ಳಬೇಕು. ಆಧಾರ್, ಬಿಪಿ, ಶುಗರ್‌ನ ಹಳೇ ಚೀಟಿ ಎಲ್ಲ ತರಲು ಫೋನ್ ಮಾಡಿ ಹೇಳಿ. ಶುಗರ್ ಜಾಸ್ತಿ ಇದ್ದರೆ ಪೊರೆಯ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಆಗ ಇನ್ನೊಂದು ಸಲ ಜೊತೆಗೆ ಹೋಗಬೇಕಾಗುತ್ತದೆ.