ಚೈನ್ ಹೋಟೆಲಿಗೆ ಮೊದಲು ಹೋದವನು ನಮ್ಮ ದೋಸೆ ಹುಯ್ಯುವವನು

ಮದ್ದೂರಿನಲ್ಲಿ ಹೋಟೆಲು ನಡೆಸುತ್ತೇನೆ ಎಂದರೆ ಎದುರಿಗಿರುವವರು ಕೇಳುವುದು ಎರಡೇ ಪ್ರಶ್ನೆ. ವಡೆ ನಿಮ್ಮಲ್ಲೂ ಸಿಗುತ್ತದೆಯೇ? ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ವ್ಯಾಪಾರ ಪೂರಾ ಬಿದ್ದುಹೋಯಿತೇ? ಎರಡಕ್ಕೂ ಉತ್ತರವಿದೆ, ಹೇಳುತ್ತೇನೆ. ಆದರೆ ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಬೆಳಗಿನ ಜಾವ ಒಲೆ ಹಚ್ಚುವವರು ಯಾರು?

ರಸ್ತೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. 118 ಕಿಲೋಮೀಟರ್. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಒಂದೂವರೆ ಗಂಟೆಗೆ ಮುಗಿಯುತ್ತದೆ. ಮೂರು ಗಂಟೆ ಕಾರಿನಲ್ಲಿ ಕುಳಿತವರಿಗೆ ನಡುವೆ ಕಾಫಿ ಬೇಕಾಗುತ್ತದೆ, ಒಂದೂವರೆ ಗಂಟೆ ಕುಳಿತವರಿಗೆ ಬೇಕಾಗುವುದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲ ಊರಿನ ಹೋಟೆಲುಗಳ ಕಥೆಯೂ ಇಷ್ಟೇ. ನಮ್ಮ ಊರಿನಲ್ಲಂತೂ ಹೆದ್ದಾರಿ ಮೇಲ್ಸೇತುವೆ ಹತ್ತಿ ಹೊರಟುಹೋಯಿತು. ಅಷ್ಟರಲ್ಲೇ ಬೆಂಗಳೂರಿನ ತಿಂಡಿ ಹೋಟೆಲು ಸರಣಿಯೊಂದು ಹಳೇ ರಸ್ತೆಯಲ್ಲಿ ಕಣ್ಣು ಕುಕ್ಕುವ ದೀಪ ಹಾಕಿಕೊಂಡು ಬಾಗಿಲು ತೆರೆಯಿತು. ಹೆಸರು ಬೇಡ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಗಿರಾಕಿಗಳು ಹೋಗುತ್ತಾರೆ ಎಂದು ಕಾಯುತ್ತಿದ್ದೆ. ಒಂದಷ್ಟು ಜನ ಹೋದರು, ಹೊಸತನ ತೀರಿದ ಮೇಲೆ ಅರ್ಧದಷ್ಟು ಮಂದಿ ವಾಪಸು ಬಂದರು. ಅದಕ್ಕೂ ಮೊದಲು ಹೋದವನು ನಮ್ಮ ದೋಸೆ ಹುಯ್ಯುವವನು. ಕ್ಲೀನರ್ ಆಗಿ ಬಂದು, ಸಪ್ಲೈಯರ್ ಆಗಿ, ಕಾವಲಿಯ ಮುಂದೆ ನಿಲ್ಲುವವರೆಗೆ ಬೆಳೆದ ಹುಡುಗ. ಸಂಬಳ ಎಷ್ಟು ಹೆಚ್ಚು ಕೊಡುತ್ತಾರೆ ಎಂದು ಕೇಳಿದೆ. ‘ಸಂಬಳ ಹೆಚ್ಚುಕಡಿಮೆ ಇಷ್ಟೇ ಸಾರ್. ಅಲ್ಲಿ ವಾರಕ್ಕೊಂದು ರಜೆ ಇದೆ. ಎಂಟು ಗಂಟೆ ಆದ ಮೇಲೆ ಹೋಗು ಎನ್ನುತ್ತಾರೆ’ ಎಂದ. ಅವನ ಹಿಂದೆ ಇಬ್ಬರು ಸಪ್ಲೈಯರ್‌ಗಳು ಹೊರಟರು. ಅವರಿಗೆ ಸಮವಸ್ತ್ರದ ಮೇಲೂ ಆಸೆಯಿತ್ತು ಎನ್ನಿ.

ಚೈನ್ ಹೋಟೆಲಿಗೆ ಇದು ಹೇಗೆ ಸಾಧ್ಯ? ಹಿಟ್ಟು, ಚಟ್ನಿಯ ಮಸಾಲೆ, ಸಾಂಬಾರಿನ ಪುಡಿ ಎಲ್ಲವೂ ಒಂದೇ ಕೇಂದ್ರ ಅಡುಗೆಮನೆಯಲ್ಲಿ ತಯಾರಾಗಿ ತಣ್ಣನೆಯ ವಾಹನದಲ್ಲಿ ಬರುತ್ತವೆ. ಊರಿನ ಶಾಖೆಯಲ್ಲಿ ನೆನೆಹಾಕುವವನಿಲ್ಲ, ರುಬ್ಬುವವನಿಲ್ಲ, ಹುರಿಯುವವನಿಲ್ಲ. ನಡುರಾತ್ರಿ ಎದ್ದು ಹಿಟ್ಟು ಎಷ್ಟು ಉಬ್ಬಿದೆ ಎಂದು ನೋಡುವವನಂತೂ ಬೇಕೇ ಇಲ್ಲ. ಹುಯ್ಯುವ ಕೈ ಒಂದಿದ್ದರೆ ಸಾಕು. ಆ ಕೈಯನ್ನು ತಯಾರು ಮಾಡುವ ಖರ್ಚು ನಮ್ಮಂಥವರದು. ಆದ್ದರಿಂದ ಅವರೊಡನೆ ನಮ್ಮ ಪೈಪೋಟಿ ರುಚಿಯದ್ದೆಂದು ನಾನು ಒಪ್ಪುವುದಿಲ್ಲ, ಅದು ಆಳಿನದ್ದು. ಊರಿನಲ್ಲಿ ಮುಚ್ಚಿದ ಹೋಟೆಲುಗಳ ಮಾಲೀಕರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ: ಗಿರಾಕಿ ಇದ್ದರು, ಭಟ್ಟರು ಸಿಗಲಿಲ್ಲ.

ನನ್ನ ತಂದೆಯವರು ಕುಂದಾಪುರದ ಕಡೆಯಿಂದ ಬಂದವರು. ಅವರ ಕಾಲದಲ್ಲಿ ಆಳಿಗೆ ಬರವಿರಲಿಲ್ಲ. 1923ರ ನೆರೆಯಿಂದ ಹಿಡಿದು ಎಪ್ಪತ್ತರ ದಶಕದ ಭೂಸುಧಾರಣೆಯವರೆಗೆ ಕರಾವಳಿಯಲ್ಲಿ ಏನೇ ಆದರೂ ಒಂದಷ್ಟು ಹುಡುಗರು ಘಟ್ಟ ಹತ್ತಿ ಹೋಟೆಲು ಸೇರುತ್ತಿದ್ದರು. ಊಟ ತಿಂಡಿ ಕೊಟ್ಟು ಮಲಗಲು ಅಟ್ಟ ತೋರಿಸಿದರೆ ಮುಗಿಯಿತು. ಉಡುಪಿ ಹೋಟೆಲಿನ ಅಗ್ಗದ ಇಡ್ಲಿಯ ಹಿಂದೆ ಇದ್ದದ್ದು ಆ ಹುಡುಗರ ಹದಿನಾರು ಗಂಟೆಯ ದುಡಿಮೆ. ಈಗ ಆ ಹುಡುಗರ ಮಕ್ಕಳು ಎಂಜಿನಿಯರುಗಳು. ಬಹಳ ಒಳ್ಳೆಯದಾಯಿತು. ಆದರೆ ಅವರೇ ಹಬ್ಬಕ್ಕೆ ಊರಿಗೆ ಬಂದು ‘ಆ ಹಳೇ ಹೋಟೆಲು ಮುಚ್ಚಿಬಿಟ್ಟರಂತೆ, ಛೆ’ ಎಂದಾಗ ನನಗೆ ನಗು ಬರುತ್ತದೆ.

ಇರುವ ಆಳುಗಳನ್ನು ಉಳಿಸಿಕೊಳ್ಳಲು ನಾನು ಮೊದಲು ಕೈಹಾಕಿದ್ದು ವೇಳೆಗೆ. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡುವ ಪದ್ಧತಿ ಬಿಟ್ಟೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿ-ತಿಂಡಿ, ಎಂಟಕ್ಕೆ ಬಾಗಿಲು. ರಾತ್ರಿಯ ರೊಟ್ಟಿ-ಕರಿ ಮತ್ತು ಗೋಬಿ ಮಂಚೂರಿ ಕೌಂಟರ್ ತೆಗೆದುಹಾಕಿದೆ. ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದಾಗ ಬಣ್ಣವಿಲ್ಲದ ಗೋಬಿಯನ್ನು ಮಕ್ಕಳು ಮುಟ್ಟುವುದಿಲ್ಲ ಎಂದು ಪಕ್ಕದ ಗಾಡಿಯವರು ತಲೆ ಮೇಲೆ ಕೈ ಹೊತ್ತರು. ನನಗೆ ಆ ತಲೆನೋವೂ ಇರಲಿಲ್ಲ. ರಾತ್ರಿಯ ವ್ಯಾಪಾರ ನೋಡಲು ದೊಡ್ಡದು, ಗ್ಯಾಸು ಮತ್ತು ಆಳಿನ ಲೆಕ್ಕ ಕಳೆದರೆ ಕೈಗೆ ಹತ್ತುತ್ತಿದ್ದದ್ದು ಅಷ್ಟಕ್ಕಷ್ಟೇ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿನ ದರ ತಿಂಗಳ ಒಂದನೇ ತಾರೀಖಿಗೆ ಏನಾಗುತ್ತದೋ ಎಂದು ಕಾಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸಗಾರರನ್ನು ಎರಡು ಪಾಳಿ ಮಾಡಿದೆ. ವಾರಕ್ಕೊಂದು ದಿನ ಹೋಟೆಲನ್ನೇ ಮುಚ್ಚುತ್ತೇನೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರದ ರಜೆ ಕೊಡಲೇಬೇಕೆನ್ನುತ್ತದೆ, ಸಣ್ಣ ಊರುಗಳಲ್ಲಿ ಅದನ್ನು ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ ಕೊಟ್ಟು ನಡೆಸಬಹುದಲ್ಲ ಎಂದು ಗೆಳೆಯರು ಹೇಳಿದರು. ನಮ್ಮಂಥ ಸಣ್ಣ ಹೋಟೆಲಿನಲ್ಲಿ ಅದು ನಡೆಯುವುದಿಲ್ಲ. ರಜೆಯಲ್ಲಿರುವವನ ಕೆಲಸ ಉಳಿದವರ ತಲೆಗೆ ಬೀಳುತ್ತದೆ, ನಾಲ್ಕು ವಾರಕ್ಕೆ ಜಗಳ ಹತ್ತುತ್ತದೆ. ಒಟ್ಟಿಗೆ ಮುಚ್ಚಿದರೆ ಹೊಗೆಗೂಡು, ನೀರಿನ ತೊಟ್ಟಿ, ಗ್ರೈಂಡರಿನ ಕಲ್ಲು ತೊಳೆಯುವುದಕ್ಕೂ ಬಿಡುವು ಸಿಗುತ್ತದೆ. ಮೊದಮೊದಲು ಗಿರಾಕಿಗಳು ಬೈದರು. ಬೈಯುವವರು ಮರುದಿನ ಬರುತ್ತಾರೆ.

ಆಮೇಲೆ ಎಲ್ಲರಿಗೂ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ, ಮಾಡಿಸಿದೆ. ಸಂಬಳದ ಶೇಕಡಾ 3.25 ನನ್ನ ಪಾಲು, 0.75 ಕೆಲಸಗಾರನದು, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅನ್ವಯ. ಹೆಂಡತಿಯ ಹೆರಿಗೆಗೆ ಸಾಲ ಕೇಳಿಕೊಂಡು ಗಲ್ಲಾದ ಮುಂದೆ ನಿಲ್ಲುವುದು ತಪ್ಪಿತು ಎಂದು ನಮ್ಮ ಭಟ್ಟರೇ ಹೇಳಿದ್ದಾರೆ. ನನಗೂ ಮುಂಗಡ ಸಾಲ ಕೊಟ್ಟು ಆಳನ್ನು ಕಟ್ಟಿಹಾಕುವ ಹಳೇ ಚಾಳಿ ಬೇಡವಾಗಿತ್ತು. ಸಾಲ ತೀರಿಸಲಾಗದೆ ಉಳಿದವನು ಎಂಥ ದೋಸೆ ಹುಯ್ಯುತ್ತಾನೆ?

ಚೈನಿನವರಿಂದ ನಾನು ಕಲಿತದ್ದೂ ಒಂದಿದೆ: ತೂಗುವುದು. ನಮ್ಮಲ್ಲಿ ಎಲ್ಲವೂ ಹಿಡಿ, ಚಿಟಿಕೆ, ಕಣ್ಣಂದಾಜು. ಭಟ್ಟರು ಊರಿಗೆ ಹೋದರೆ ಸಾಂಬಾರು ಬೇರೆಯದೇ ಆಗುತ್ತಿತ್ತು. ಸಾಂಬಾರಿನ ಪುಡಿ ಮತ್ತು ಸಾಗುವಿನ ಮಸಾಲೆಯನ್ನು ಭಟ್ಟರು ತಮ್ಮ ಕೈಯಳತೆಯಲ್ಲೇ ಹಾಕಲಿ, ಹಾಕುವ ಮೊದಲು ತಕ್ಕಡಿಯ ಮೇಲೆ ಇಡಲಿ ಎಂದೆ. ಬರೆದುಕೊಳ್ಳುವ ಕೆಲಸ ನನ್ನದು. ಅವರಿಗೆ ಇದು ಹಿಡಿಸಲಿಲ್ಲ. ವಿದ್ಯೆ ಕದಿಯುತ್ತಿದ್ದಾನೆ ಎಂಬ ಗುಮಾನಿ, ಅದು ಸುಳ್ಳೂ ಅಲ್ಲ. ಬರೆದ ಅಳತೆ ಅವರದೇ ಹೆಸರಿನಲ್ಲಿ ಗೋಡೆಯ ಮೇಲಿರಲಿ, ಸಂಬಳವೂ ಏರಲಿ ಎಂದು ಒಪ್ಪಂದವಾಯಿತು. ಈಗ ಎರಡನೇ ಪಾಳಿಯ ಹುಡುಗನ ಸಾಂಬಾರೂ ಅದೇ ರುಚಿ.

ಎಲ್ಲವನ್ನೂ ಚೀಟಿಯಲ್ಲಿ ಬರೆಯಲಾಗುವುದಿಲ್ಲ. ಮದ್ದೂರು ವಡೆಯನ್ನೇ ನೋಡಿ. 1917ರ ಸುಮಾರಿಗೆ ನಮ್ಮ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಪಕೋಡ ಕರಿಯಲು ಹೊತ್ತಿಲ್ಲದೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಎಂದು ಊರಿನವರೆಲ್ಲ ಹೇಳುವ ಕಥೆ. ಅಕ್ಕಿಹಿಟ್ಟು, ರವೆ, ಮೈದಾ ಮೂರನ್ನೂ ಗ್ರಾಮಿನವರೆಗೆ ತೂಗಬಹುದು. ಈರುಳ್ಳಿಯನ್ನೂ ತೂಗಬಹುದು. ನೀರನ್ನು ಮಾತ್ರ ಬರೆದಿಡುವಂತಿಲ್ಲ. ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿದಾಗ ಅದೇ ನೀರು ಬಿಡುತ್ತದೆ. ಹೊಸ ಬೆಳೆಯ ಈರುಳ್ಳಿ ಬಿಡುವಷ್ಟು ನೀರನ್ನು ಗೋದಾಮಿನಲ್ಲಿ ಒಣಗಿದ ಈರುಳ್ಳಿ ಬಿಡುವುದಿಲ್ಲ. ಅದರ ಮೇಲೆ ಕಾದ ಎಣ್ಣೆ ಸುರಿದು, ಹಿಟ್ಟು ಕಲಸಿ, ಬೇಕಾದರೆ ಮಾತ್ರ ನೀರು ಚಿಮುಕಿಸಬೇಕು. ನೀರು ಹೆಚ್ಚಾದರೆ ವಡೆ ಮೆತ್ತಗಾಗಿ ಎಣ್ಣೆ ಕುಡಿಯುತ್ತದೆ, ಕಡಿಮೆಯಾದರೆ ತಟ್ಟುವಾಗಲೇ ಅಂಚು ಬಿರಿಯುತ್ತದೆ. ಉರಿ ಸಣ್ಣದಿರಬೇಕು, ಒಳಗಿನ ಈರುಳ್ಳಿ ಬೆಂದು ಕಂದು ಬಣ್ಣ ತಿರುಗುವವರೆಗೆ ಕಾಯಬೇಕು. ಸಾಲಿನಲ್ಲಿ ಹತ್ತು ಮಂದಿ ನಿಂತಿದ್ದರೂ ಉರಿ ಹೆಚ್ಚಿಸದಿರುವುದೇ ಈ ವಡೆಯ ವಿದ್ಯೆ. ದೋಸೆಹಿಟ್ಟಿನದೂ ಹೀಗೆಯೇ. ಬೇಸಿಗೆಯಲ್ಲಿ ತಡವಾಗಿ ರುಬ್ಬಿ ಉಪ್ಪನ್ನು ಬೆಳಗ್ಗೆ ಹಾಕುತ್ತೇವೆ, ಚಳಿಯಲ್ಲಿ ಸಂಜೆಯೇ ರುಬ್ಬಿ ಉಪ್ಪು ಬೆರೆಸಿಬಿಡುತ್ತೇವೆ. ಹಾಗಾಗಿ ಗೋಡೆಯ ಚೀಟಿಯಲ್ಲಿ ‘ನೀರು: ಕೈ ನೋಡಿಕೊಂಡು’ ಎಂದೇ ಬರೆದಿದ್ದೇವೆ.

ಇನ್ನು ತಿನ್ನುವವರು. ಕಾರಿನವರು ಮೇಲ್ಸೇತುವೆಯ ಮೇಲೆ ಹೋಗುತ್ತಾರೆ, ಹೋಗಲಿ. ನಮ್ಮಲ್ಲಿ ದೊಡ್ಡ ಎಳನೀರು ಮಾರುಕಟ್ಟೆಯಿದೆ. ಉತ್ತರದ ಊರುಗಳಿಗೆ ಲಾರಿಗಟ್ಟಲೆ ಎಳನೀರು ಹೋಗುವುದು ಇಲ್ಲಿಂದಲೇ. ಲೋಡು ಹಾಕುವವರಿಗೆ, ಚಾಲಕರಿಗೆ ಬೆಳಗ್ಗೆ ಐದಕ್ಕೆ ಬಿಸಿ ತಿಂಡಿ ಬೇಕು. ಆ ಹೊತ್ತಿಗೆ ಚೈನಿನವರ ಬಾಗಿಲು ತೆರೆದಿರುವುದಿಲ್ಲ. ಎಂಟರ ಮೇಲೆ ತಾಲ್ಲೂಕು ಕಚೇರಿ, ನ್ಯಾಯಾಲಯಕ್ಕೆ ಬರುವ ಹಳ್ಳಿಯವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಗುಂಪಾಗಿ ಬರುವುದು ಎದ್ದು ಕಾಣುವಷ್ಟು ಹೆಚ್ಚಿತು. ಬಸ್ಸಿನಲ್ಲಿ ಉಳಿದ ದುಡ್ಡಿನಲ್ಲಿ ಮಸಾಲೆ ದೋಸೆ ತಿನ್ನುತ್ತೇವೆ ಎಂದು ಒಬ್ಬ ಅಜ್ಜಿ ನೇರವಾಗಿಯೇ ಹೇಳಿದರು.

ಅವರಿಗಾಗಿ ನಾನು ಮಾಡಿದ ದೊಡ್ಡ ಖರ್ಚು ಶೌಚಾಲಯ. ಹಳೇ ಹೋಟೆಲಿನ ಸೊಗಸಿನ ಬಗ್ಗೆ ಬರೆಯುವವರು ಇದನ್ನು ಬರೆಯುವುದಿಲ್ಲ, ಬಹುಪಾಲು ಗಂಡಸರೇ ಬರೆಯುವುದರಿಂದ ಇರಬಹುದು. ಸಂಸಾರ ಸಮೇತ ಬಂದವರು ಚೈನ್ ಹೋಟೆಲನ್ನೇ ಆರಿಸುವುದು ಅಲ್ಲಿನ ಪನ್ನೀರ್ ದೋಸೆಗಲ್ಲ, ಚಿಲಕ ಹಾಕಿಕೊಳ್ಳುವಂಥ, ನೀರು ಬರುವ ಶೌಚಾಲಯಕ್ಕೆ. ಹಿತ್ತಿಲಿನ ಸೌದೆ ಕೊಟ್ಟಿಗೆ ಕೆಡವಿ ಕಟ್ಟಿಸಿದೆ. ತೊಳೆಯುವವರಿಗೆ ಬೇರೆ ಸಂಬಳ, ಕ್ಲೀನರ್ ಹುಡುಗರಿಂದ ಅದನ್ನು ಮಾಡಿಸುವುದಿಲ್ಲ.

ಬೆಲೆಯ ಮಾತು. ನಾನು ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿದ್ದೇನೆ. ವರ್ಷದ ವಹಿವಾಟು ಒಂದೂವರೆ ಕೋಟಿ ಮೀರದ ಹೋಟೆಲಿನವರು ವಹಿವಾಟಿನ ಮೇಲೆ ಶೇಕಡಾ 5 ಕಟ್ಟಬೇಕು, ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ಕೇಳುವಂತಿಲ್ಲ. ಚೈನಿನವರು ಪಟ್ಟಿಯಲ್ಲಿ ಒಂದು ದರ ತೋರಿಸಿ ಬಿಲ್ಲಿನಲ್ಲಿ ತೆರಿಗೆ ಸೇರಿಸುತ್ತಾರೆ, ನನ್ನ ಪಟ್ಟಿಯ ದರವೇ ಕೊನೆಯ ದರ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸು ಬಂದಾಗ ಊರಿನ ಅರ್ಧ ಅಂಗಡಿಗಳು ಕ್ಯೂಆರ್ ಫಲಕ ಕಿತ್ತಿಟ್ಟವು. ಮೊದಲೇ ನೋಂದಣಿ ಮಾಡಿಸಿದ್ದರಿಂದ ನನ್ನ ಫಲಕ ಗಲ್ಲಾದ ಮೇಲೆಯೇ ಇತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಕಾಫಿಪುಡಿ ಅದಕ್ಕೂ ಮೊದಲೇ ಏರಿತ್ತು. ಲೋಟ ಚಿಕ್ಕದು ಮಾಡಿ ಹಳೇ ದರ ಉಳಿಸಿಕೊಂಡವರಿದ್ದಾರೆ. ನಾನು ಲೋಟ ಮುಟ್ಟಲಿಲ್ಲ, ದರ ಏರಿಸಿ ಫಲಕ ಹಾಕಿದೆ. ಬೈಟು ಕಾಫಿ ಹೇಳುವವರು ಹೆಚ್ಚಾದರು, ಅಷ್ಟೇ.

ಬಾಡಿಗೆಯೊಂದೇ ಇನ್ನೂ ಬಗೆಹರಿಯದ ವಿಷಯ. ಸಣ್ಣ ಊರುಗಳಲ್ಲಿ ಹನ್ನೊಂದು ತಿಂಗಳ ಕರಾರು ಬರೆದುಕೊಂಡು ಮೂವತ್ತು ವರ್ಷ ಹೋಟೆಲು ನಡೆಸುವುದು ರೂಢಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು, ಅದರ ಖರ್ಚು ಯಾರಿಗೂ ಬೇಡ. ಮುದ್ರಾಂಕ ಶುಲ್ಕ ಉಳಿಸಿದ ಖುಷಿಯಲ್ಲಿರುವಾಗಲೇ ಚೈನಿನವರು ಕಟ್ಟಡದ ಮಾಲೀಕರ ಮಗನನ್ನು ಭೇಟಿಯಾಗಿರುತ್ತಾರೆ. ಮಾಲೀಕರು ಬದುಕಿರುವವರೆಗೆ ಮಾತಿಗೆ ಬೆಲೆ, ಆಮೇಲೆ ಚದರಡಿಗೆ ಬೆಲೆ. ನಾನು ಮಾಲೀಕರ ಮನೆಗೆ ಹೋಗಿ ಕುಳಿತು, ವರ್ಷಕ್ಕೆ ಶೇಕಡಾ ಐದರಂತೆ ಬಾಡಿಗೆ ಏರಿಸುವ ದೀರ್ಘ ಗುತ್ತಿಗೆಯನ್ನು ನೋಂದಾಯಿಸಿಕೊಂಡೆ. ಅವರ ಮಗನ ಸಹಿಯೂ ಇದೆ. ಆ ಅವಧಿ ಮುಗಿಯುವಷ್ಟರಲ್ಲಿ ಹಿಂದಿನ ಬೀದಿಯಲ್ಲಿ ಸ್ವಂತ ಜಾಗ ಆಗಬೇಕು. ಒಂದು ಮನೆ ನೋಡಿದ್ದೇನೆ, ಪತ್ರಗಳನ್ನು ವಕೀಲರು ಪರಿಶೀಲಿಸುತ್ತಿದ್ದಾರೆ. ದರ ಒಗ್ಗಿದರೆ ಗ್ರೈಂಡರುಗಳನ್ನೂ ಭಟ್ಟರ ಕೋಣೆಯನ್ನೂ ಮೊದಲು ಅಲ್ಲಿಗೆ ಸಾಗಿಸುವುದು, ಮೇಜು ಕುರ್ಚಿಗಳು ಆಮೇಲೆ.